ತಂಬೂರಿ ಹಿಡಿಸುವ ಕಾರು: ಧಾರವಾಡದ ಮನೆಗೆ ಸೆಡಾನ್, ಎಸ್‌ಯುವಿ, ಸ್ಟೇಷನ್ ವ್ಯಾಗನ್ ಪೈಕಿ ಯಾವುದು?

ಮಗಳ ತಂಬೂರಿ ಐದಡಿಗೆ ಎರಡು ಇಂಚು ಕಡಿಮೆ. ಗವಸು ಹಾಕಿದರೆ ಸರಿಯಾಗಿ ಐದಡಿ. ಈ ಅಳತೆ ನನಗೆ ಬಾಯಿಪಾಠವಾದದ್ದು 2011ರ ಒಂದು ಸಂಜೆ. ಆಗ ಮನೆಯಲ್ಲಿ ಸೆಡಾನ್, ಅಂದರೆ ಹಿಂದೆ ಬೇರೆಯೇ ಡಿಕ್ಕಿ ಇರುವ ಕಾರು, ಇತ್ತು. ಮಾಳಮಡ್ಡಿಯಿಂದ ಹುಬ್ಬಳ್ಳಿಗೆ ಅವಳ ಕಾರ್ಯಕ್ರಮಕ್ಕೆ ಹೊರಟಿದ್ದೆವು. ತಂಬೂರಿ ಡಿಕ್ಕಿಯಲ್ಲಿ ಹಿಡಿಸಲಿಲ್ಲ. ಹಿಂದಿನ ಸೀಟಿನ ಮೇಲೆ ಓರೆಯಾಗಿ ಇಟ್ಟು, ದಂಡಿಯ ತುದಿಯನ್ನು ಮುಂದಿನ ಎರಡು ಸೀಟುಗಳ ನಡುವೆ ತೂರಿಸಿ, ಮಗಳು ಬುರುಡೆ ಹಿಡಿದುಕೊಂಡು ಕೂತಳು. ಉಣಕಲ್ ದಾಟಿದ ಮೇಲೆ ಒಂದು ಹಂಪ್ ಬಂತು. ಟಕ್ ಅಂತ ಒಂದೇ ಸದ್ದು. ಗವಸು ಬಿಚ್ಚಿ ನೋಡಿದರೆ ಬುರುಡೆಯ ಮೇಲೆ ಕೂದಲೆಳೆಯಷ್ಟು ಬಿರುಕು. ಅವಳು ಅಳಲಿಲ್ಲ. ಬಿರುಕಿನ ಮೇಲೆ ಬೆರಳಿಟ್ಟುಕೊಂಡು ಹುಬ್ಬಳ್ಳಿ ಬರುವವರೆಗೆ ಸುಮ್ಮನೆ ಕೂತಿದ್ದಳು. ಅದನ್ನು ಕೂಡಿಸಿಕೊಂಡು ಬರಲು ಆಮೇಲೆ ಮೀರಜಿಗೆ ಹೋಗಬೇಕಾಯಿತು.

ಮರುವರ್ಷ ಸೆಡಾನ್ ಮಾರಿ, ಕೆಎ-25 ನಂಬರಿನ ಒಂದು ಹಳೆಯ ಸ್ಟೇಷನ್ ವ್ಯಾಗನ್, ಟಾಟಾ ಇಂಡಿಗೊ ಮರೀನಾ ತಂದೆ. ಅಣ್ಣಿಗೇರಿ ಹೊಲದ ಜೋಳ ಮತ್ತು ಕಡಲೆ, ಅವ್ವನ ಗಾಲಿಕುರ್ಚಿ, ತಂಬೂರಿ, ಹಾರ್ಮೋನಿಯಂ, ಮದುವೆ ಮನೆಯ ಪಾತ್ರೆ, ಎಲ್ಲವನ್ನೂ ಒಂಬತ್ತು ವರ್ಷ ಅದೇ ಗಾಡಿ ಹೊತ್ತಿತು. 2021ರಲ್ಲಿ ಅದರ ಜಾಗಕ್ಕೆ ಏಳು ಸೀಟಿನ ಮಾರುತಿ ಎರ್ಟಿಗಾ ಬಂತು. ಯಾವ ಕಾರು ತಗೊಳ್ಳಲಿ ಎಂದು ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಇಷ್ಟೇ: ಸೀಟು ಎಣಿಸುವ ಮುಂಚೆ ಹಿಂದಿನ ಬಾಗಿಲು ತೆಗೆದು ಒಳಗೆ ಟೇಪು ಹಿಡಿಯಿರಿ. ವಾರದ ಐದು ದಿನ ಆಫೀಸು, ಶಾಲೆ, ಸಂತೆ, ತಿಂಗಳಿಗೆರಡು ಸಲ ಹೊಲ ಅಥವಾ ಆಸ್ಪತ್ರೆ ಎಂದು ಓಡುವ ನಮ್ಮ ಕಡೆಯ ಮನೆಗೆ ಸ್ಟೇಷನ್ ವ್ಯಾಗನ್ ಆಕಾರದ ಗಾಡಿಯಷ್ಟು ಒಗ್ಗುವುದು ಬೇರೆ ಇಲ್ಲ ಎಂಬುದು ನನ್ನ ಅನುಭವ.

ಸ್ಟೇಷನ್ ವ್ಯಾಗನ್ ಅಂದರೆ

ಸೆಡಾನಿನ ಚಾವಣಿಯನ್ನು ಇಳಿಸದೆ ಗಾಡಿಯ ಹಿಂತುದಿಯವರೆಗೂ ಎಳೆದು, ಅಲ್ಲಿ ಮೇಲಕ್ಕೆ ತೆರೆಯುವ ಒಂದು ಪೂರಾ ಬಾಗಿಲು ಕೂರಿಸಿದರೆ ಅದು ಸ್ಟೇಷನ್ ವ್ಯಾಗನ್. ಸಾಮಾನಿನ ಜಾಗಕ್ಕೂ ಕೂರುವ ಜಾಗಕ್ಕೂ ನಡುವೆ ತಗಡಿನ ಗೋಡೆ ಇರುವುದಿಲ್ಲ. ಸೀಟು ಮಡಚಿದರೆ ಬಾಗಿಲಿನಿಂದ ಮುಂದಿನ ಸೀಟಿನ ಬೆನ್ನಿನವರೆಗೂ ಒಂದೇ ನೆಲ. ಹೆಸರು ಅಮೆರಿಕದ್ದು. ರೈಲ್ವೆ ಸ್ಟೇಷನ್ನಿಗೆ ಬಂದಿಳಿದ ಮಂದಿಯನ್ನೂ ಅವರ ಪೆಟ್ಟಿಗೆಗಳನ್ನೂ ಒಟ್ಟಿಗೆ ಮನೆ ಮುಟ್ಟಿಸಲು ಮರದ ಮೈಯ ಮೋಟಾರುಗಳಿದ್ದವು, ಅವಕ್ಕೆ ಈ ಹೆಸರು ಬಿತ್ತು. ಬ್ರಿಟನ್ನಿನಲ್ಲಿ ಇದಕ್ಕೆ ಎಸ್ಟೇಟ್ ಅನ್ನುತ್ತಾರೆ, ಜರ್ಮನಿಯಲ್ಲಿ ಕೊಂಬಿ. ಹುಬ್ಬಳ್ಳಿಯವರಿಗೆ ಈ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಅಷ್ಟು ದೂರ ನಡೆದು ಬಂದ ನಾಲ್ಕು ಜನ ಬೀಗರನ್ನೂ ಅವರ ಆರು ಬ್ಯಾಗುಗಳನ್ನೂ ಒಂದೇ ಗಾಡಿಯಲ್ಲಿ ಕರೆತರುವುದು ಇಂದಿಗೂ ನಮ್ಮ ಕೆಲಸವೇ.

ಭಾರತದಲ್ಲಿ ಇವು ಬರಲೇ ಇಲ್ಲವೆಂದಲ್ಲ. ಅಂಬಾಸಿಡರ್‌ಗೆ ಎಸ್ಟೇಟ್ ರೂಪವಿತ್ತು. 1992ರಲ್ಲಿ ಟಾಟಾ ಎಸ್ಟೇಟ್ ಬಂತು. ಆಮೇಲೆ ಮಾರುತಿಯ ಬಲೆನೊ ಆಲ್ಟುರಾ, ಓಪೆಲ್ ಕೋರ್ಸಾ ಸ್ವಿಂಗ್, ಸ್ಕೋಡಾ ಆಕ್ಟೇವಿಯಾ ಕೊಂಬಿ, 2004ರಲ್ಲಿ ಇಂಡಿಗೊ ಮರೀನಾ. ಯಾವುದೂ ಹೆಚ್ಚು ದಿನ ನಿಲ್ಲಲಿಲ್ಲ. ಡಿಕ್ಕಿ ಬೇರೆಯಾಗಿ ಕಾಣುವ ಕಾರಿಗೇ ಮರ್ಯಾದೆ ಎಂಬ ಭಾವನೆ ಆಗ ಗಟ್ಟಿಯಾಗಿತ್ತು. ಮರೀನಾ ತಂದ ದಿನ ಪಕ್ಕದ ಮನೆಯ ಹಿರಿಯರು ಸುತ್ತ ಒಂದು ಸಲ ನಡೆದು ನೋಡಿ, "ಗಾಡಿ ಚಲೋ ಐತಿ, ಆದ್ರ ದವಾಖಾನಿ ಗಾಡಿ ಕಂಡಂಗ ಕಾಣ್ತೈತಲ್ರೀ" ಅಂದಿದ್ದರು. ಇನ್ನೊಂದು ಕಾರಣ ತೆರಿಗೆ. 2006ರಲ್ಲಿ ಕೇಂದ್ರ ಸರ್ಕಾರ ಸಣ್ಣ ಕಾರುಗಳ ಅಬಕಾರಿ ಸುಂಕ ಇಳಿಸಿ, ನಾಲ್ಕು ಮೀಟರಿನ ಒಳಗಿದ್ದರೆ ಮಾತ್ರ ಸಣ್ಣ ಕಾರು ಎಂದು ಗೆರೆ ಎಳೆಯಿತು. ವ್ಯಾಗನ್ನಿನ ಸತ್ವ ಇರುವುದೇ ಬಾಲದಲ್ಲಿ. ನಾಲ್ಕು ಮೀಟರಿಗೆ ಕತ್ತರಿಸಿದರೆ ಮೊದಲು ಹೋಗುವುದೇ ಅದು.

ಆಮೇಲೆ ನಿಜವಾದ ಸ್ಟೇಷನ್ ವ್ಯಾಗನ್ ಬೇಕೆಂದವರಿಗೆ ಸಿಕ್ಕಿದ್ದು ವೋಲ್ವೊ ವಿ90 ಕ್ರಾಸ್ ಕಂಟ್ರಿಯಂಥವು. 2017ರಲ್ಲಿ ಅದು ಇಲ್ಲಿಗೆ ಬಂದಾಗಲೇ 60 ಲಕ್ಷ ರೂಪಾಯಿ. ಆ ಮಾತು ಅಲ್ಲಿಗೇ ಬಿಡೋಣ. ನಮ್ಮ ಕೈಗೆಟುಕುವ ಬೆಲೆಯಲ್ಲಿ ಆ ಕೆಲಸ ಯಾವ ಗಾಡಿ ಮಾಡುತ್ತದೆ ಎಂಬುದೇ ನೋಡಬೇಕಾದ್ದು.

ಲೀಟರ್ ಲೆಕ್ಕ ಮತ್ತು ಬಾಗಿಲಿನ ಲೆಕ್ಕ

ಶೋರೂಮಿನಲ್ಲಿ ಡಿಕ್ಕಿಯನ್ನು ಲೀಟರಿನಲ್ಲಿ ಹೇಳುತ್ತಾರೆ. ಸೆಡಾನ್‌ಗಳಾದ ಡಿಜೈರ್ ಸುಮಾರು 380, ಅಮೇಜ್ 416ರಿಂದ 420, ಎಸ್‌ಯುವಿಯಾದ ಬ್ರೆಝಾ 328. ಈ ಪ್ರಕಾರ ಸೆಡಾನ್ ಗೆಲ್ಲುತ್ತದೆ. ಆದರೆ ಸೆಡಾನಿನ ಡಿಕ್ಕಿ ಹಗೇವು ಇದ್ದಂತೆ, ಒಳಗೆ ಜಾಗ ಎಷ್ಟಿದ್ದರೂ ಬಾಯಿ ಚಿಕ್ಕದು. ಬ್ಯಾಡಗಿ ಮೆಣಸಿನಕಾಯಿಯ ಒಂದು ಚೀಲ ತಂದು ನೋಡಿ. ತೂಕ ಅಷ್ಟಿಲ್ಲ, ಗಾತ್ರ ಮಾತ್ರ ಭೀಮನದು. ಮಡಚಲು ಬರುವುದಿಲ್ಲ, ಒತ್ತಿದರೆ ಕಾಯಿ ಮುರಿದು ಬೆಲೆ ಹೋಗುತ್ತದೆ. ಸೆಡಾನಿನ ಬಾಯಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಜೋಳದ ಚೀಲ ಇದರ ತದ್ವಿರುದ್ಧ. ಗಾತ್ರ ಚಿಕ್ಕದು, ತೂಕ ವಿಪರೀತ. ಸೆಡಾನಿನಲ್ಲಿ ಅದು ಹಿಡಿಸುತ್ತದೆ, ಆದರೆ ಹಿಂಗಾಲಿಯ ಮೇಲೆ ಭಾರ ಬಿದ್ದು ಗಾಡಿಯ ಮೂಗು ಮೇಲೆದ್ದು ನಿಲ್ಲುತ್ತದೆ. ರಾತ್ರಿ ಹೊತ್ತು ನಿಮ್ಮ ಹೆಡ್‌ಲೈಟು ಎದುರಿನವರ ಕಣ್ಣಿಗೇ ಬೀಳುತ್ತದೆ.

ಅದಕ್ಕೇ ನಿಮ್ಮ ಮನೆಯ ಸಾಮಾನು ಯಾವ ಜಾತಿಯದು ಎಂದು ಮೊದಲು ತಿಳಿದುಕೊಳ್ಳಿ. ಗಾತ್ರದ್ದಾದರೆ ವ್ಯಾಗನ್ ಆಕಾರ ಬೇಕೇ ಬೇಕು. ತೂಕದ್ದಾದರೆ ಆರ್‌ಸಿ (ನೋಂದಣಿ ಪತ್ರ) ತೆಗೆದು ಖಾಲಿ ತೂಕ, ಒಟ್ಟು ತೂಕ ಎರಡನ್ನೂ ನೋಡಿ. ವ್ಯತ್ಯಾಸದಲ್ಲಿ ಕೂರುವವರ ತೂಕ ಕಳೆದರೆ ಉಳಿದದ್ದು ನಿಮ್ಮ ಚೀಲಗಳಿಗೆ. ಐದು ಜನಕ್ಕೇ ಮುನ್ನೂರು ಕಿಲೋ ದಾಟುತ್ತದೆ, ಮೂರು ಕ್ವಿಂಟಲ್ ಜೋಳದ ಆಸೆ ಅಲ್ಲಿಗೆ ಮುಗಿಯಿತು. ಭಾರ ಹೇರಿದಾಗ ಟೈರಿಗೆ ಎಷ್ಟು ಗಾಳಿ ಎಂಬುದನ್ನು ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿರುತ್ತಾರೆ. ಓದುವವರು ಕಡಿಮೆ.

ಎಸ್‌ಯುವಿ ಪಕ್ಕ ನಿಲ್ಲಿಸಿದರೆ

ನಮ್ಮ ರಸ್ತೆಗೆ ಎಸ್‌ಯುವಿಯೇ ಬೇಕು ಎನ್ನುವವರ ಮಾತಿನಲ್ಲಿ ಸತ್ಯವಿದೆ. ಗದಗ ದಾರಿಯಲ್ಲಾಗಲಿ ನವಲಗುಂದದ ಕಡೆಯಾಗಲಿ ಎರಿ ಭೂಮಿ. ಕಪ್ಪು ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಎರಡೇ ವರ್ಷದಲ್ಲಿ ಅಲೆಯಾಗಿ ಏಳುತ್ತದೆ. ಭಾರ ಹೇರಿದ ಮರೀನಾದ ಹೊಟ್ಟೆ ಊರೊಳಗಿನ ಹಂಪುಗಳಿಗೆ ತಾಗಿದ್ದುಂಟು. ಓರೆಯಾಗಿ ಹತ್ತಿಸುವುದು ರೂಢಿಯಾಯಿತು. ದಿನವೂ ಹೊಲಕ್ಕೆ ಹೋಗುವವರಿಗೆ, ಕಚ್ಚಾ ದಾರಿ ಎರಡು ಕಿಲೋಮೀಟರಿಗಿಂತ ಹೆಚ್ಚಿರುವವರಿಗೆ ಎತ್ತರದ ಗಾಡಿಯೇ ಸರಿ.

ಆದರೆ ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಪೇಟೆಯಲ್ಲಿ ಓಡಾಡುವ ಸಣ್ಣ ಎಸ್‌ಯುವಿಗಳಲ್ಲಿ ಬಹುಪಾಲು ಮುಂದಿನ ಎರಡೇ ಗಾಲಿಗೆ ಶಕ್ತಿ ಕೊಡುವಂಥವು, ನನ್ನ ಎರ್ಟಿಗಾದಂತೆಯೇ. ಆಶ್ಲೇಷಾ ಮಳೆ ಬಿದ್ದ ಮರುದಿನ ಎರಿ ಮಣ್ಣು ಗಾಲಿಗೆ ಮೆತ್ತಿ ರೊಟ್ಟಿ ಹಿಟ್ಟಿನಂತೆ ಮಡಗಾರ್ಡ್ ತುಂಬಿಕೊಂಡರೆ ಎತ್ತರ ಏನೂ ಮಾಡುವುದಿಲ್ಲ. ಎರಡೂ ಅಲ್ಲೇ ನಿಲ್ಲುತ್ತವೆ, ಎರಡನ್ನೂ ಟ್ರ್ಯಾಕ್ಟರೇ ಎಳೆಯಬೇಕು.

ಎತ್ತರಕ್ಕೆ ಬೆಲೆಯೂ ಇದೆ. ಐವತ್ತು ಕಿಲೋ ಚೀಲವನ್ನು ಮೊಣಕಾಲ ಮಟ್ಟಕ್ಕೆ ಎತ್ತುವುದು ಒಂದು, ಸೊಂಟದ ಮಟ್ಟಕ್ಕೆ ಎತ್ತುವುದು ಇನ್ನೊಂದು. ಮರೀನಾದ ಹಿಂದಿನ ಹೊಸ್ತಿಲು ನನ್ನ ಮೊಣಕಾಲಿಗಿಂತ ತುಸು ಮೇಲಿತ್ತು. ಚೀಲದ ಒಂದು ತುದಿ ಹೊಸ್ತಿಲ ಮೇಲಿಟ್ಟು ಇನ್ನೊಂದು ತುದಿ ನೂಕಿದರೆ ಒಳಗೆ. ಅರವತ್ತು ದಾಟಿದವರಿಗೆ ಈ ಅರ್ಧ ಅಡಿಯೇ ಮುಖ್ಯ. ಅವ್ವನಿಗೂ ಹಾಗೆಯೇ. ಸೆಡಾನಿನಲ್ಲಿ ಅವಳು ಕುಸಿದು ಕೂರಬೇಕಿತ್ತು, ಏಳುವಾಗ ಮೊಣಕಾಲು ಹಿಡಿಯುತ್ತಿತ್ತು. ಮಗನ ಎಸ್‌ಯುವಿಗೆ ಕಾಲಿಡಲು ಮಣೆ ಬೇಕಾಗುತ್ತಿತ್ತು. ಎರ್ಟಿಗಾದ ಸೀಟು ಅವಳ ಸೊಂಟದ ಮಟ್ಟಕ್ಕೇ ಇದೆ. ಹಿಂದಕ್ಕೆ ಕೂತು ಕಾಲು ಒಳಗೆ ತಿರುಗಿಸಿದರೆ ಆಯಿತು. ಸತ್ತೂರಿನ ಆಸ್ಪತ್ರೆಗೆ ಹೋಗಿ ಬರುವ ದಿನಗಳಲ್ಲಿ ನಾನು ಈ ಗಾಡಿಗೆ ಎಷ್ಟು ಕೃತಜ್ಞನಾಗಿದ್ದೆ ಎಂದು ಹೇಳಲು ಬರುವುದಿಲ್ಲ. ಗಾಲಿಕುರ್ಚಿ ಮಡಚಿ ಹಿಂದೆ ನಿಲ್ಲಿಸಿದರೂ ಪಕ್ಕದಲ್ಲಿ ಬುತ್ತಿ ಚೀಲಕ್ಕೆ, ಹಾಸಿಗೆಗೆ ಜಾಗ ಉಳಿಯುತ್ತಿತ್ತು.

ಹೆದ್ದಾರಿಯ ಮೇಲೂ ತಗ್ಗಿನ ಗಾಡಿಗೆ ಲಾಭವಿದೆ. ಭಾರ ನೆಲಕ್ಕೆ ಹತ್ತಿರವಿದ್ದಷ್ಟೂ ತಿರುವಿನಲ್ಲಿ ಮೈ ವಾಲುವುದು ಕಡಿಮೆ, ಗಾಳಿಗೆ ಎದುರಾಗುವ ಮೈಯೂ ಕಡಿಮೆ. ಹಾವೇರಿಯಿಂದ ಶಿಗ್ಗಾವಿ ದಾಟಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬರುವಾಗ ದೊಡ್ಡ ಕಂಟೇನರ್ ಪಕ್ಕದಲ್ಲಿ ಹಾದುಹೋದರೆ ಎತ್ತರದ ಗಾಡಿ ಓಲಾಡುವುದು ಕೈಗೆ ತಿಳಿಯುತ್ತದೆ. ಮರೀನಾದಲ್ಲಿ ಅದು ತಿಳಿಯುತ್ತಿರಲಿಲ್ಲ. ಎರ್ಟಿಗಾದಲ್ಲಿ ಸ್ವಲ್ಪ ತಿಳಿಯುತ್ತದೆ. ಅದು ವ್ಯಾಗನ್ನಿಗಿಂತ ಎತ್ತರ, ಎಸ್‌ಯುವಿಗಿಂತ ತಗ್ಗು.

ಸಹಿಸಿಕೊಳ್ಳಬೇಕಾದವು

ಗೋಡೆ ಇಲ್ಲದಿರುವುದೇ ಇದರ ಗುಣ, ಅದೇ ಇದರ ತೊಂದರೆ. ಮೆಣಸಿನಕಾಯಿ ಹೇರಿದ ದಿನ ಬ್ಯಾಡಗಿಯಿಂದ ಧಾರವಾಡದವರೆಗೆ ಕೆಮ್ಮು. ಚೀಲದ ಮೇಲೆ ಹಸಿ ಗೋಣಿತಟ್ಟು ಹೊದಿಸಿದರೆ ಮಾಲು ಕೆಡುತ್ತದೆ, ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚು ಒತ್ತಬೇಕು. ಹಿಂದಿನ ಗಾಲಿಯ ಸದ್ದು ಒಳಗೆ ಬರುತ್ತದೆ. ಒಳಗಿನ ಗಾಳಿಯ ಗಾತ್ರ ದೊಡ್ಡದಾದ್ದರಿಂದ ಏಪ್ರಿಲ್ ಬಿಸಿಲಿಗೆ ಎಸಿ ತಂಪಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ನೆಟ್ಟಗಿನ ಹಿಂಗಾಜಿನ ಹಿಂದೆ ಗಾಳಿ ಸುಳಿಯಾಗಿ ಧೂಳನ್ನು ಎಳೆದು ಅಂಟಿಸುತ್ತದೆ. ಹಾಗಾಗಿ ಹಿಂದಿನ ವೈಪರ್ ಇಲ್ಲದ ಮಾಡೆಲ್ ತಗೊಳ್ಳಬೇಡಿ. ಸಾಮಾನು ಹೊರಗೆ ಕಾಣುತ್ತದೆ. ದುರ್ಗದಬೈಲಿನಲ್ಲಿ ನಿಲ್ಲಿಸಿ ಹೋಗುವುದಾದರೆ ಮೇಲೆ ಒಂದು ಕಪ್ಪು ಹೊದಿಕೆ ಬೇಕು.

ಎಲ್ಲಕ್ಕಿಂತ ದೊಡ್ಡದು ಕಟ್ಟುವ ವಿಷಯ. ಜೋರಾಗಿ ಬ್ರೇಕು ಹಾಕಿದರೆ, ದೇವರು ದೊಡ್ಡವನು, ಎಲ್ಲಿಗಾದರೂ ಗುದ್ದಿದರೆ, ಹಿಂದಿನ ಜೋಳದ ಚೀಲ ಹಿಂದೆಯೇ ನಿಲ್ಲುವುದಿಲ್ಲ. ಸೆಡಾನಿನಲ್ಲಿ ಸೀಟಿನ ಬೆನ್ನು ತಡೆಯುತ್ತದೆ. ಇಲ್ಲಿ ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಹೇರಿದರೆ ಮಕ್ಕಳ ತಲೆಗೇ ಬರುತ್ತದೆ. ನೆಲದಲ್ಲಿ ಕೊಕ್ಕೆ ಇದೆಯೇ ನೋಡಿ, ಇಲ್ಲದಿದ್ದರೆ ಹಾಕಿಸಿ. ಭಾರದ್ದು ಕೆಳಗೆ, ಸೀಟಿಗೆ ಒತ್ತಿ. ಹಗುರಾದದ್ದು ಮೇಲೆ, ಹಗ್ಗ ಬಿಗಿದು. ಇದರಲ್ಲಿ ನಾನು ಯಾರ ಅವಸರಕ್ಕೂ ಬಗ್ಗುವುದಿಲ್ಲ.

ಹಾಗಾದರೆ ಯಾವುದು

ಏಳು ಸೀಟಿನ ಗಾಡಿಯನ್ನು ಐದು ಸೀಟಿನದೆಂದು ತಿಳಿದು ಕೊಂಡರೆ ಅದೇ ಇವತ್ತಿನ ಸ್ಟೇಷನ್ ವ್ಯಾಗನ್. ಎರ್ಟಿಗಾದ ಮೂರನೇ ಸಾಲು ಎದ್ದು ನಿಂತಿದ್ದಾಗ ಹಿಂದೆ ಉಳಿಯುವುದು ಬರೀ 209 ಲೀಟರ್, ಸಣ್ಣ ಹ್ಯಾಚ್‌ಬ್ಯಾಕಿಗಿಂತ ಕಡಿಮೆ. ಅದನ್ನು ಮಡಚಿದ ಕೂಡಲೇ 550. ನಡುವಿನ ಸಾಲನ್ನೂ ಮಡಚಿದರೆ 803. ನಡುವಿನ ಸೀಟು 60:40 ಆಗಿ ಒಡೆಯುವುದರಿಂದ ಒಂದು ಪಕ್ಕ ಮಡಚಿ ತಂಬೂರಿ ಉದ್ದಕ್ಕೆ ಮಲಗಿಸಿ, ಇನ್ನೊಂದು ಪಕ್ಕ ಮಗಳು ಕೂರಬಹುದು. ನಮ್ಮ ಗಾಡಿಯಲ್ಲಿ ಮೂರನೇ ಸಾಲು ಏಳುವುದು ವರ್ಷಕ್ಕೆ ನಾಲ್ಕೈದು ಸಲ ಮಾತ್ರ. ಎಲ್ಲರೂ ಕೂತಾಗ ಸಾಮಾನಿಗೆ ಜಾಗವಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಿ. 2021ರ ನಮ್ಮ ಗಾಡಿಯ ಉದ್ದ 4,395 ಮಿ.ಮೀ. ಹಳೆಯ ಧಾರವಾಡದ ಮನೆಗಳ ಗೇಟಿನೊಳಗೆ ಇಷ್ಟು ಹಿಡಿಸುತ್ತದೆಯೇ, ಶೆಡ್ಡಿನ ತಗಡಿಗೆ ತಾಗದೆ ಹಿಂದಿನ ಬಾಗಿಲು ಪೂರಾ ಮೇಲೇಳುತ್ತದೆಯೇ, ಎರಡನ್ನೂ ಅಳೆದೇ ಮುಂಗಡ ಕೊಡಿ.

ಒಂದು ಎಚ್ಚರಿಕೆ. 2024ರಲ್ಲಿ ಆಫ್ರಿಕಾ ಮಾರುಕಟ್ಟೆಗಾಗಿ ಗ್ಲೋಬಲ್ ಎನ್‌ಕ್ಯಾಪ್ ನಡೆಸಿದ ಅಪಘಾತ ಪರೀಕ್ಷೆಯಲ್ಲಿ, ಭಾರತದಲ್ಲೇ ತಯಾರಾದ ಎರ್ಟಿಗಾಕ್ಕೆ ದೊಡ್ಡವರ ರಕ್ಷಣೆಯಲ್ಲಿ ಐದಕ್ಕೆ ಒಂದೇ ನಕ್ಷತ್ರ ಸಿಕ್ಕಿತು. ನಾನು ಓಡಿಸುವ ಗಾಡಿಯ ಬಗ್ಗೆ ಇದನ್ನು ಮುಚ್ಚಿಡಲಾರೆ. ಏರ್‌ಬ್ಯಾಗುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅದನ್ನೇ ಮೊದಲು ಕೇಳಿ.

ಕಿಯಾ ಕ್ಯಾರೆನ್ಸ್ 4,540 ಮಿ.ಮೀ. ಉದ್ದ, ಗಾಲಿಗಳ ನಡುವಿನ ಅಂತರ 2,780. ಮೂರನೇ ಸಾಲಿನವರಿಗೆ ಕಾಲು ಚಾಚಲು ಇಲ್ಲಿ ಹೆಚ್ಚು ಆರಾಮ, ಡೀಸೆಲ್ ಕೂಡ ಸಿಗುತ್ತದೆ. ಬೆಂಗಳೂರಿಗೆ ತಿಂಗಳಿಗೆ ಎರಡು ಸಲ ಹೋಗುವ ಕುಟುಂಬಕ್ಕೆ ನಾನು ಇದನ್ನೇ ಹೇಳುವೆ. ಎಕ್ಸ್‌ಎಲ್6 ಎರ್ಟಿಗಾದ ಅಣ್ಣತಮ್ಮ, ನಡುವೆ ಎರಡು ಬಿಡಿ ಕುರ್ಚಿ. ನೋಡಲು ಚೆಂದ, ಐದು ಜನರ ಮನೆಗೆ ದಿನವೂ ತೊಡಕು.

ರೆನೋ ಟ್ರೈಬರ್ ಬಗ್ಗೆ ಮಂದಿ ಸಾಕಷ್ಟು ಯೋಚಿಸುವುದಿಲ್ಲ ಅನಿಸುತ್ತದೆ. ನಾಲ್ಕು ಮೀಟರಿನ ಒಳಗೇ ಇದೆ. ಮೂರನೇ ಸಾಲಿನ ಎರಡು ಸೀಟುಗಳನ್ನು ಕಿತ್ತು ಮನೆಯಲ್ಲೇ ಇಟ್ಟು ಹೋಗಬಹುದು. ಆಗ 84 ಲೀಟರಿನ ಜಾಗ 625 ಆಗುತ್ತದೆ. ಹೊಸ ಯಲ್ಲಾಪುರದ ಓಣಿಯಲ್ಲಿ, ಕೊಪ್ಪೀಕರ್ ರಸ್ತೆಯ ಗದ್ದಲದಲ್ಲಿ ಇದು ಸಲೀಸು. ಎಂಜಿನ್ ಒಂದು ಲೀಟರಿನದು. ಏಳು ಜನ ತುಂಬಿಕೊಂಡು ಎಸಿ ಹಾಕಿ ಯಲ್ಲಾಪುರದ ಅರಬೈಲು ಘಟ್ಟ ಹತ್ತುವುದಾದರೆ ತಾಳ್ಮೆ ಬೇಕು. ಊರೊಳಗಿನ ಅಂಗಡಿಕಾರರಿಗೆ, ಒಂದು ಪುಟ್ಟ ಸಂಸಾರಕ್ಕೆ ಸಾಕು.

ಹಣದ ಮಾತಿಗೆ ಬಂದರೆ ಆ ನಾಲ್ಕು ಮೀಟರಿನ ಗೆರೆ ಇನ್ನೂ ಅಳಿಸಿಲ್ಲ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1,200 ಸಿಸಿವರೆಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ. 18. ಅದನ್ನು ಮೀರಿದರೆ ಶೇ. 40. ಟ್ರೈಬರ್ ಗೆರೆಯ ಈಚೆ, ಎರ್ಟಿಗಾ ಮತ್ತು ಕ್ಯಾರೆನ್ಸ್ ಆಚೆ. ಇದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆಯೂ ಗಾಡಿಯ ಬೆಲೆ ಹತ್ತು ಲಕ್ಷ ದಾಟಿದರೆ ಶೇ. 14ರಿಂದ 17ಕ್ಕೆ ಏರುತ್ತದೆ. ಹತ್ತು ಲಕ್ಷದ ಅಂಚಿನಲ್ಲಿರುವ ಮಾಡೆಲ್ ಆರಿಸುವಾಗ ಅಲಂಕಾರದ ಗಾಲಿಗೋಸ್ಕರ ಆ ಗೆರೆ ದಾಟಬೇಡಿ.

ಸಿಎನ್‌ಜಿ ಅಗ್ಗ, ಹುಬ್ಬಳ್ಳಿ-ಧಾರವಾಡದಲ್ಲಿ ಪಂಪುಗಳೂ ಇವೆ. ಆದರೆ ಎರ್ಟಿಗಾದ ಸಿಲಿಂಡರ್ ಕೂರುವುದು ಹಿಂದಿನ ಸಾಮಾನಿನ ಜಾಗದಲ್ಲೇ. ನಾವು ಯಾವ ಜಾಗಕ್ಕಾಗಿ ಗಾಡಿ ಕೊಳ್ಳುತ್ತೇವೋ ಅದನ್ನೇ ಅದು ತಿನ್ನುತ್ತದೆ. ದಿನಕ್ಕೆ ಎಂಬತ್ತು, ನೂರು ಕಿಲೋಮೀಟರ್ ಓಡುವವರಿಗೆ ಲೆಕ್ಕ ಕೂಡೀತು. ತಂಬೂರಿ, ಗಾಲಿಕುರ್ಚಿಯ ಮನೆಗೆ ಬೇಡ.

ಗಂಡ, ಹೆಂಡತಿ ಇಬ್ಬರೇ ಇದ್ದು, ಹೊಲವಿಲ್ಲದೆ, ವರ್ಷಕ್ಕೊಮ್ಮೆ ತಿರುಪತಿಗೆ ಹೋಗುವವರು ಒಂದು ಒಳ್ಳೆಯ ಹ್ಯಾಚ್‌ಬ್ಯಾಕ್ ತಗೊಂಡು ಸುಖವಾಗಿರಲಿ. ನಗರದೊಳಗೆ ಚಿಗರಿ ಬಸ್ಸು ಇದ್ದೇ ಇದೆ. ಇನ್ನು, ಬಿಳಿ ನಂಬರ್ ಪ್ಲೇಟಿನ ಗಾಡಿಯಲ್ಲಿ ಮನೆಯ ಕಾಳು ತರಬಹುದು, ಬಾಡಿಗೆಗೆ ಬೇರೆಯವರ ಮಾಲು ಹೇರುವಂತಿಲ್ಲ. ಕೇಳಿದವರಿದ್ದಾರೆ, ಅದಕ್ಕೇ ಬರೆದೆ.

ಈ ಆಕಾರದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಲೆಕ್ಕದಿಂದಲ್ಲ, ಎಳ್ಳ ಅಮಾವಾಸ್ಯೆಯ ದಿನ. ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದೆವು. ಸಜ್ಜೆ ರೊಟ್ಟಿಯ ಗಂಟು, ಎಣ್ಣೆಗಾಯಿಯ ಪಾತ್ರೆ, ಶೇಂಗಾ ಹೋಳಿಗೆ, ಮಜ್ಜಿಗೆಯ ಕೊಡ, ಒಂದೂ ಚೆಲ್ಲದೆ ಮರೀನಾದ ನೆಲದ ಮೇಲೆ ನಿಂತುಕೊಂಡೇ ಬಂದಿದ್ದವು. ಚರಗ ಮುಗಿಸಿ ಬರುವ ಹೊತ್ತಿಗೆ ಹೊಲದಲ್ಲಿ ನೆರಳಿರಲಿಲ್ಲ. ಹಿಂದಿನ ಬಾಗಿಲು ಮೇಲೆತ್ತಿದೆ. ಅದೇ ಚಪ್ಪರವಾಯಿತು, ಹೊಸ್ತಿಲೇ ಕಟ್ಟೆಯಾಯಿತು. ಅವ್ವ ಅಲ್ಲಿ ಕೂತು, ಕಾಲು ಇಳಿಬಿಟ್ಟು, ಎಲ್ಲರಿಗೂ ರೊಟ್ಟಿ ಹಂಚಿದಳು.

ಹಳೆಯ ಮರೀನಾ ಈಗಲೂ ಗದಗ, ರಾಣೆಬೆನ್ನೂರಿನ ಕಡೆ ಮಾರಾಟಕ್ಕೆ ಬಂದಾಗ ಕೆಲವರು ಕರೆ ಮಾಡುತ್ತಾರೆ. 15 ವರ್ಷ ದಾಟಿದ ಗಾಡಿಗೆ ಫಿಟ್‌ನೆಸ್ ಆಗಿ ನೋಂದಣಿ ನವೀಕರಣ ಆಗಬೇಕು. 2022ರಿಂದ ಅದರ ಶುಲ್ಕ 5,000 ರೂಪಾಯಿ, ಇಪ್ಪತ್ತು ವರ್ಷ ದಾಟಿದ್ದರೆ 2025ರಿಂದ 10,000. ನವೀಕರಣ ಆಗದ ಗಾಡಿಗೆ ಒಂದು ರೂಪಾಯಿಯೂ ಕೊಡಬೇಡಿ. ಹಿಂದಿನ ನೆಲಹಾಸು ಪೂರಾ ಎತ್ತಿ, ಸ್ಟೆಪ್ನಿ ಹೊರತೆಗೆದು, ಆ ಗುಂಡಿಯಲ್ಲಿ ತುಕ್ಕು ಇದೆಯೇ ಬೆರಳಿನಿಂದ ಕೆರೆದು ನೋಡಿ. ಮಡಚುವ ಸೀಟಿನ ಕೀಲು ಎರಡು ಸಲ ಮಡಚಿ ಎಬ್ಬಿಸಿ. ಕೊನೆಗೆ ಹಿಂದಿನ ಬಾಗಿಲನ್ನು ತಲೆ ಮಟ್ಟಕ್ಕಿಂತ ಮೇಲೆತ್ತಿ ಕೈಬಿಡಿ. ಎಣಿಸಿ ಮೂವತ್ತರವರೆಗೆ ಅಲ್ಲೇ ನಿಂತರೆ ಎತ್ತುವ ಗ್ಯಾಸ್ ಕಂಬ ಗಟ್ಟಿಯಿದೆ. ಕೆಳಗೆ ಇಳಿಯತೊಡಗಿದರೆ ಕಂಬ ಬದಲಿಸುವ ಹಣವನ್ನು ಬೆಲೆಯಲ್ಲಿ ಕಳೆದು ಮಾತಾಡಿ.